ರಾಣಿ ಛಾಪಿನ ರೂಪಾಯಿ, ಗಿನ್ನಿ, ಹಾಲಿ ಸಿಕ್ಕಾ: ಕರಗಿಸುವ ಮುನ್ನ ತೂಗಿ ನೋಡಿ

ಬೆಳ್ಳಿ-ಬಂಗಾರದ ದರ ಏರಿದಾಗಲೆಲ್ಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರಾಫ ಅಂಗಡಿಗಳಿಗೆ ಹಳೆಯ ಒಡವೆಗಳು ಬರತೊಡಗುತ್ತವೆ. ಮಗಳ ಮದುವೆ, ಮಗನ ಕಾಲೇಜು ಫೀ, ಅಣ್ಣತಮ್ಮಂದಿರ ಪಾಲು ಹೀಗೆ ಕಾರಣಗಳು ನೂರೆಂಟು. ಅಜ್ಜಿಯ ಪೆಟ್ಟಿಗೆಯಿಂದ ಹೊರಬಂದ ರೂಪಾಯಿ ಸರವೋ, ಕೊಂಡಿ ಹಾಕಿದ ಗಿನ್ನಿಯೋ, ಮುತ್ತಜ್ಜನ ಕಿಸೆ ಗಡಿಯಾರದ ಸರಪಳಿಯೋ ತಕ್ಕಡಿ ಏರುತ್ತದೆ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ, ‘ಹಳೇ ಮಾಲು, ಇಷ್ಟು ಪರ್ಸೆಂಟ್ ಕಳೀತೀವಿ’ ಎಂದು ಒಂದು ಮೊತ್ತ ಹೇಳುತ್ತಾರೆ. ಅದು ನ್ಯಾಯವೋ ಅನ್ಯಾಯವೋ ಎಂದು ತಿಳಿಯುವ ದಾರಿಯೇ ಮನೆಯವರಿಗೆ ಗೊತ್ತಿರುವುದಿಲ್ಲ. ಸಂಜೆಯೊಳಗೆ ಎಲ್ಲವೂ ಮೂಸೆಗೆ ಬಿದ್ದು ಕರಗಿರುತ್ತದೆ.

ದಾರಿ ಇದೆ, ಸುಲಭವೂ ಹೌದು. ಬ್ರಿಟಿಷರ ಕಾಲದ ನಾಣ್ಯಗಳ ತೂಕ ಮತ್ತು ಶುದ್ಧತೆ ಕಾನೂನಿನಿಂದ ನಿಗದಿಯಾಗಿದ್ದವು. ಆ ನಾಲ್ಕಾರು ಅಂಕಿ ಗೊತ್ತಿದ್ದರೆ ನಿಮ್ಮ ಒಡವೆಯಲ್ಲಿ ಎಷ್ಟು ಬೆಳ್ಳಿ, ಎಷ್ಟು ಬಂಗಾರ ಇದೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಬಹುದು.

ಎರಡು ಸರ್ಕಾರ, ಎರಡು ರೊಕ್ಕ

ನಮ್ಮ ನಾಲ್ಕೂ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ. ಆದರೆ ಪಶ್ಚಿಮಕ್ಕೆ ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ತುಂಗಭದ್ರೆ ದಾಟಿದರೆ ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲೆಲ್ಲ ಬ್ರಿಟಿಷರ ಕಲದಾರ್ ರೂಪಾಯಿ. 1880ರ ದಶಕದಲ್ಲಿ ಗದಗ–ಹೊಸಪೇಟೆ ರೈಲು ಕೊಪ್ಪಳದ ಮೇಲೆ ಹಾದ ನಂತರ ಹತ್ತಿ, ಶೇಂಗಾ ಆ ಕಡೆ ಹೋದವು, ಕಲದಾರ್ ರೂಪಾಯಿ ಈ ಕಡೆ ಬಂತು. 7 ಹಾಲಿಗೆ 6 ಕಲದಾರ್ ಎಂಬುದು ಲೆಕ್ಕ. ಆದ್ದರಿಂದಲೇ ಇಲ್ಲಿನ ಒಂದೇ ಸರದಲ್ಲಿ ಎರಡೂ ಸರ್ಕಾರಗಳ ನಾಣ್ಯ ಸಿಗುತ್ತವೆ. ಬೆಂಗಳೂರಿನವರಿಗೋ ಮಂಗಳೂರಿನವರಿಗೋ ಇಲ್ಲದ ತೊಡಕು ನಮ್ಮ ಭಾಗದವರಿಗೆ ಇರುವುದು ಇಲ್ಲೇ.

ನಾಣ್ಯವನ್ನೇ ಒಡವೆ ಮಾಡಿಕೊಂಡದ್ದಕ್ಕೆ ಗಟ್ಟಿ ಕಾರಣವಿದೆ. 1833ರಲ್ಲಿ ಕಂಪನಿ ಸರ್ಕಾರ ಒಂದು ತೊಲೆಯನ್ನು 180 ಗ್ರೇನ್ ಎಂದು ನಿಗದಿ ಮಾಡಿತು, ಅಂದರೆ ಈಗಿನ 11.66 ಗ್ರಾಂ. 1835ರಲ್ಲಿ ಬಂದ ಏಕರೂಪದ ರೂಪಾಯಿಯ ತೂಕವೂ ಅಷ್ಟೇ. ರೂಪಾಯಿ ಎಂದರೆ ಒಂದು ತೊಲೆ; ಪತ್ತಾರರ ತಕ್ಕಡಿಯಲ್ಲಿ ಅದು ತೂಕದ ಬಟ್ಟಾಗಿಯೂ ಕೆಲಸ ಮಾಡುತ್ತಿತ್ತು. ಬೇರೆ ಬೆಳ್ಳಿಯನ್ನು ಒರೆಗಲ್ಲಿಗೆ ತಿಕ್ಕಿ ನೋಡಬೇಕು. ರಾಣಿ ಛಾಪಿನ ರೂಪಾಯಿಗೆ ಟಂಕಸಾಲೆಯ ಮುದ್ರೆಯೇ ಜಾಮೀನು. ಬ್ಯಾಂಕು ಕಾಣದ ಊರುಗಳಲ್ಲಿ, ಕುಷ್ಟಗಿ–ಯಲಬುರ್ಗಾ ಕಡೆಯ ತಾಂಡಾಗಳಲ್ಲಿ, ಹೆಣ್ಣುಮಕ್ಕಳು ಉಳಿತಾಯವನ್ನು ಕೊರಳಲ್ಲೇ ಧರಿಸಿದರು. ಬರಗಾಲ ಬಂದರೆ ಒಂದೊಂದೇ ರೂಪಾಯಿ ಬಿಚ್ಚಿ ಕೊಟ್ಟರೆ ಆಯಿತು. ಆ ಹೆಣ್ಣುಮಕ್ಕಳು ಎಣಿಸಿ ಕೂಡಿಟ್ಟದ್ದನ್ನು ನಾವು ಎಣಿಸದೆ ಕರಗಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತೂಕ ಒಂದೇ, ಬೆಳ್ಳಿ ಬೇರೆ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. 1835ರಿಂದ 1939ರವರೆಗಿನ ಬ್ರಿಟಿಷ್ ರೂಪಾಯಿಯಲ್ಲಿ ನೂರಕ್ಕೆ 91.67 ಭಾಗ ಬೆಳ್ಳಿ. ಎರಡನೆಯ ಮಹಾಯುದ್ಧದ ಒತ್ತಡದಲ್ಲಿ, 1940ರಿಂದ, ಅದನ್ನು ಅರ್ಧಕ್ಕೆ ಇಳಿಸಿದರು: 50 ಭಾಗ ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ತೂಕ ಮಾತ್ರ ಅದೇ 11.66 ಗ್ರಾಂ. 1947ರ ರೂಪಾಯಿಯಂತೂ ಪೂರ್ತಿ ನಿಕ್ಕಲ್. ಅದರಲ್ಲಿ ಬೆಳ್ಳಿಯೇ ಇಲ್ಲ, ಅಯಸ್ಕಾಂತಕ್ಕೆ ಅಂಟುತ್ತದೆ.

ಲೆಕ್ಕ ಹೀಗೆ. ಹಳೆಯ ರೂಪಾಯಿ ಒಂದರಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. 1940–45ರ ರೂಪಾಯಿಯಲ್ಲಿ 5.83 ಗ್ರಾಂ. ಒಂದು ಸರದಲ್ಲಿ ವಿಕ್ಟೋರಿಯಾ ಕಾಲದವು 10, ಯುದ್ಧಕಾಲದವು 10 ಇವೆ ಎನ್ನಿ. ಅಂಗಡಿಯವರು ‘ಎಲ್ಲಾ ಅರ್ಧ ಬೆಳ್ಳಿ’ ಎಂದು ಹಿಡಿದರೆ ನಿಮಗೆ 116.6 ಗ್ರಾಂ ಬೆಳ್ಳಿಯ ಹಣ ಬರುತ್ತದೆ. ನಿಜವಾಗಿ ಅದರಲ್ಲಿರುವುದು 165.2 ಗ್ರಾಂ. ಗ್ರಾಮಿಗೆ 100 ರೂಪಾಯಿ ಎಂದು ಉದಾಹರಣೆಗೆ ಹಿಡಿದರೂ 4,860 ರೂಪಾಯಿ ಕೈಬಿಟ್ಟ ಹಾಗೆ. ದರ ಹೆಚ್ಚಿದಷ್ಟೂ ನಷ್ಟ ಹೆಚ್ಚು.

ಚಿಲ್ಲರೆ ಬೆಳ್ಳಿ ನಾಣ್ಯಗಳಿಗೂ ಇದೇ ಪ್ರಮಾಣ: ಎಂಟಾಣೆ 5.83 ಗ್ರಾಂ, ಪಾವಲಿ 2.92, ಎರಡಾಣೆ 1.46. 1918ರಿಂದ ಎರಡಾಣೆ ಚೌಕಾಕಾರದ ನಿಕ್ಕಲ್ ಮಿಶ್ರ ನಾಣ್ಯವಾಯಿತು. ಅದಕ್ಕೆ ಬೆಳ್ಳಿಯ ಬೆಲೆ ಇಲ್ಲ.

ಹಾಲಿ ಸಿಕ್ಕಾದ ಲೆಕ್ಕವೇ ಬೇರೆ. ಚಾರ್‌ಮಿನಾರ್ ಚಿತ್ರದ ರೂಪಾಯಿ 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. ಅಂದರೆ ಒಂದಕ್ಕೆ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿ. ಕಲದಾರಿಗಿಂತ ಕಡಿಮೆ, ಆದರೆ ಯುದ್ಧಕಾಲದ ಬ್ರಿಟಿಷ್ ರೂಪಾಯಿಗಿಂತ ಎಷ್ಟೋ ಹೆಚ್ಚು. ‘ನಿಜಾಮನ ರೊಕ್ಕ, ಹಗುರ ಮಾಲು’ ಎಂದು ಬದಿಗೆ ಸರಿಸಿದರೆ ಒಪ್ಪಬೇಡಿ.

ಮುಖ ನೋಡಿ ಕಾಲ ಹೇಳುವುದು

ನಾಣ್ಯ ಸವೆದು ಇಸವಿ ಅಳಿಸಿದ್ದರೂ ಮುಖ ಉಳಿದಿರುತ್ತದೆ. ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಿ.

1. ಬರಿತಲೆಯ ಗಂಡಸು, ಹಿಂಬದಿ ‘ಈಸ್ಟ್ ಇಂಡಿಯಾ ಕಂಪನಿ’: ನಾಲ್ಕನೆಯ ವಿಲಿಯಂ, 1835.

2. ಕಿರೀಟವಿಲ್ಲದೆ ಕೂದಲು ಕಟ್ಟಿದ ಯುವತಿ, ಹಿಂಬದಿ ಕಂಪನಿಯ ಹೆಸರು: ವಿಕ್ಟೋರಿಯಾ, 1840. ಕಂಪನಿ ಸರ್ಕಾರ ಇರುವ ತನಕ ಅದೇ ಇಸವಿ ಹಾಕಿಯೇ ಅಚ್ಚು ಹೊಡೆದರು. ಹಾಗಾಗಿ 1840 ಎಂದಿದ್ದ ಮಾತ್ರಕ್ಕೆ ಅಪರೂಪದ್ದಲ್ಲ.

3. ಕಿರೀಟ ತೊಟ್ಟ ರಾಣಿ: 1862ರಿಂದ ಈಚಿನದು. ಮುಖದ ಸುತ್ತ ‘ಕ್ವೀನ್’ ಎಂದಿದ್ದರೆ 1876ರವರೆಗಿನದು, ‘ಎಂಪ್ರೆಸ್’ ಎಂದಿದ್ದರೆ 1877ರಿಂದ ಈಚಿನದು. 1877ರ ಜನವರಿ 1ರಂದು ಆಕೆಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು, ನಾಣ್ಯದ ಬರಹ ಬದಲಾದದ್ದು ಅದಕ್ಕೇ. ನಮ್ಮ ಕಡೆಯ ಸರಗಳಲ್ಲಿ ಹೆಚ್ಚಾಗಿ ಕಾಣುವ ‘ರಾಣಿ ಛಾಪು’ ಇದೇ. 1862 ಎಂಬ ಇಸವಿಯನ್ನೂ ಹಲವು ವರ್ಷ ಬದಲಿಸದೆ ಮುಂದುವರಿಸಿದ್ದರು.

4. ಗಡ್ಡದ ಬರಿತಲೆಯ ರಾಜ: ಏಳನೆಯ ಎಡ್ವರ್ಡ್, 1903–1910.

5. ಗಡ್ಡ, ಕಿರೀಟ, ಮೈಮೇಲೆ ಕಸೂತಿಯ ನಿಲುವಂಗಿ: ಐದನೆಯ ಜಾರ್ಜ್, 1911ರಿಂದ. ನಿಲುವಂಗಿಯ ಎದೆಯ ಭಾಗದಲ್ಲಿ ಒಂದು ಪುಟ್ಟ ಆನೆ ಇದೆ, ಭೂತಗನ್ನಡಿ ಹಿಡಿದು ನೋಡಿ. 1911ರ ಅಚ್ಚಿನಲ್ಲಿ ಆ ಆನೆಯ ಸೊಂಡಿಲು ಮೊಂಡಾಗಿ, ಕಾಲು ಗಿಡ್ಡಾಗಿ ಹಂದಿಯ ಹಾಗೆ ಕಂಡಿತು. ಜನ ಎದುರು ಮಾತಾಡಿದ್ದಕ್ಕೆ ಸರ್ಕಾರ ಆ ರೂಪಾಯಿಗಳನ್ನು ವಾಪಸು ಪಡೆದು ಕರಗಿಸಿತು, 1912ರಲ್ಲಿ ಆನೆಯನ್ನು ತಿದ್ದಿತು. ಉಳಿದುಕೊಂಡ 1911ರ ರೂಪಾಯಿಗೆ ಸಂಗ್ರಾಹಕರು ಬೆಳ್ಳಿಗಿಂತ ಹೆಚ್ಚು ಕೊಡುತ್ತಾರೆ. ಮೂಸೆಗೆ ಹಾಕುವ ಮುನ್ನ ಐದನೆಯ ಜಾರ್ಜ್ ನಾಣ್ಯಗಳ ಇಸವಿ ನೋಡಲೇಬೇಕು.

6. ಗಡ್ಡವಿಲ್ಲದ, ಕಿರೀಟ ತೊಟ್ಟ ರಾಜ: ಆರನೆಯ ಜಾರ್ಜ್, 1938ರಿಂದ. ತೊಡಕಿರುವುದು ಇವನಲ್ಲೇ. 1938, 1939ರವು ಪೂರ್ಣ ಬೆಳ್ಳಿಯವು, 1940ರಿಂದ 1945ರವರೆಗಿನವು ಅರ್ಧ ಬೆಳ್ಳಿಯವು. ಅಂಚನ್ನು ನೋಡಿ. ಹಳೆಯದರ ಅಂಚಿನಲ್ಲಿ ನೇರ ಗೀರುಗಳು ಮಾತ್ರ. ಯುದ್ಧಕಾಲದ್ದರಲ್ಲಿ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ ತೋಡಿದ ಹಾಗಿರುತ್ತದೆ. ಖೋಟಾ ತಡೆಯಲು ಮಾಡಿದ ಅಂಚು ಅದು. 1939ರ ರೂಪಾಯಿ ಬಹಳ ವಿರಳ. ಅದಕ್ಕಾಗಿಯೇ 1938ರ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡಿ ಮಾರುವವರೂ ಇದ್ದಾರೆ.

7. ಚಾರ್‌ಮಿನಾರ್: ನಿಜಾಮರ ಹಾಲಿ. ನಡುಬಾಗಿಲಲ್ಲಿ ಒಂದೇ ಒಂದು ಉರ್ದು ಅಕ್ಷರ ಇರುತ್ತದೆ. ‘ಮೀಮ್’ ಇದ್ದರೆ ಮೀರ್ ಮಹಬೂಬ್ ಅಲಿ ಖಾನ್ ಕಾಲದ್ದು, ‘ಐನ್’ ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ್ದು. ಇಸವಿ ಹಿಜರಿಯಲ್ಲಿ, ಹಿಜರಿ 1330 ಎಂದರೆ 1911–12. ಉರ್ದು ಓದಬಲ್ಲ ಹಿರಿಯರು ಊರಲ್ಲಿ ಇದ್ದೇ ಇರುತ್ತಾರೆ, ಕೇಳಿ.

ಗಿನ್ನಿ ಅಸಲಿಯೇ?

ಬ್ರಿಟಿಷ್ ಸವರನ್‌ಗೆ ನಮ್ಮಲ್ಲಿ ಗಿನ್ನಿ ಎಂದೇ ಹೆಸರು. 1899ರ ಕಾಯ್ದೆಯಿಂದ ಅದು ಭಾರತದಲ್ಲೂ 15 ರೂಪಾಯಿಗೆ ಸಮನಾಗಿ ಚಲಾವಣೆಗೆ ಬಂತು. ತೂಕ 7.99 ಗ್ರಾಂ, 22 ಕ್ಯಾರೆಟ್, ಶುದ್ಧ ಬಂಗಾರ 7.32 ಗ್ರಾಂ, ಅಗಲ 22 ಮಿ.ಮೀ. ಅರ್ಧ ಗಿನ್ನಿ 3.99 ಗ್ರಾಂ, ಅಗಲ 19.3 ಮಿ.ಮೀ. ಒಂದು ಬದಿ ರಾಣಿ ಅಥವಾ ರಾಜ, ಇನ್ನೊಂದು ಬದಿ ಸಾಮಾನ್ಯವಾಗಿ ಕುದುರೆ ಏರಿ ಸರ್ಪದಂಥ ಮೃಗವನ್ನು ಕೊಲ್ಲುವ ಸಂತ ಜಾರ್ಜ್. ಆ ಚಿತ್ರ ಇಟಲಿಯ ಶಿಲ್ಪಿ ಬೆನೆಡೆಟ್ಟೊ ಪಿಸ್ಟ್ರುಚ್ಚಿಯದು, 1817ರಲ್ಲಿ ಮೊದಲು ಬಂತು.

ಕುದುರೆಯ ಕಾಲಡಿಯ ನೆಲದಲ್ಲಿ, ಇಸವಿಯ ಮೇಲೆ, ಸೂಜಿಮೊನೆಯಷ್ಟು ಒಂದು ಇಂಗ್ಲಿಷ್ ಅಕ್ಷರ ಹುಡುಕಿ. ಅಕ್ಷರ ಇಲ್ಲದಿದ್ದರೆ ಸಾಮಾನ್ಯವಾಗಿ ಲಂಡನ್. ‘ಎಸ್’, ‘ಎಂ’, ‘ಪಿ’ ಇದ್ದರೆ ಆಸ್ಟ್ರೇಲಿಯಾದ ಸಿಡ್ನಿ, ಮೆಲ್ಬರ್ನ್, ಪರ್ತ್. ‘ಐ’ ಇದ್ದು ಇಸವಿ 1918 ಆಗಿದ್ದರೆ ಅದು ನಮ್ಮ ಮುಂಬೈಯಲ್ಲೇ ಅಚ್ಚಾದದ್ದು. ಲಂಡನ್ನಿನ ರಾಯಲ್ ಮಿಂಟ್ ಮುಂಬೈಯಲ್ಲಿ ತೆರೆದಿದ್ದ ಶಾಖೆ ಸವರನ್ ಹೊಡೆದದ್ದು ಆ ಒಂದೇ ಇಸವಿಯಲ್ಲಿ, ಸುಮಾರು 13 ಲಕ್ಷ. 2013ರಿಂದ ಈಚೆಗೆ ಭಾರತದಲ್ಲಿ ಮತ್ತೆ ತಯಾರಾದ ಹೊಸ ಸವರನ್‌ಗಳ ಮೇಲೂ ‘ಐ’ ಇದೆ, ಆದ್ದರಿಂದ ಅಕ್ಷರದ ಜೊತೆಗೆ ಇಸವಿಯನ್ನೂ ಓದಿ.

ಎಚ್ಚರಿಕೆ ಒಂದಿದೆ. ಸರಗಳಲ್ಲಿ ಪೋಣಿಸಿರುವ ‘ಗಿನ್ನಿ’ಗಳೆಲ್ಲ ಟಂಕಸಾಲೆಯವಲ್ಲ. ತೆಳು ಬಂಗಾರದ ತಗಡಿಗೆ ಅದೇ ಅಚ್ಚು ಒತ್ತಿ ಮಾಡಿದ ಬಿಲ್ಲೆಗಳೂ ಇವೆ. ಅದು ಮೋಸವೆಂದು ತಿಳಿಯಬೇಕಾಗಿಲ್ಲ; ಪುತಳಿ ಸರದಂತೆ ಅದೂ ಒಂದು ಬಗೆಯ ಒಡವೆ. ಆದರೆ ಅದಕ್ಕೆ ನಾಣ್ಯದ ತೂಕವೂ ಇಲ್ಲ, ಶುದ್ಧತೆಯ ಖಾತರಿಯೂ ಇಲ್ಲ. ಕೊಂಡಿಯೂ ಸೇರಿ 7.9 ಗ್ರಾಮಿಗಿಂತ ಕಡಿಮೆ ತೂಗಿದರೆ, ಅಂಚಿನ ಗೀರುಗಳು ಅಲ್ಲಲ್ಲಿ ಮಾಸಿದ್ದರೆ, ಅದನ್ನು ಬಿಲ್ಲೆ ಎಂದೇ ಎಣಿಸಿ ಬೇರೆಯಾಗಿ ಪರೀಕ್ಷೆ ಮಾಡಿಸಿ.

ನೀರಿನಲ್ಲಿ ತೂಗುವ ಪರೀಕ್ಷೆ

ಪ್ರತಿ ಲೋಹಕ್ಕೂ ಅದರದೇ ಸಾಂದ್ರತೆ ಇದೆ. ನೀರಲ್ಲಿ ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ನೀರಿನ ತೂಕವೇ ಅದರ ಗಾತ್ರದ ಅಳತೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಲೋಹದ ಗುಟ್ಟು ಗೊತ್ತಾಗುತ್ತದೆ. ಮೇಲೆ ಬೆಳ್ಳಿಯ ಲೇಪ ಕೊಟ್ಟ ಹಿತ್ತಾಳೆ ಕಣ್ಣಿಗೆ ಮೋಸ ಮಾಡಬಹುದು, ನೀರಿಗೆ ಮಾಡಲಾರದು. ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಅಂಗೈಯಗಲದ ಡಿಜಿಟಲ್ ತಕ್ಕಡಿ, ಒಂದು ಪ್ಲಾಸ್ಟಿಕ್ ಲೋಟ, ಹೊಲಿಗೆ ದಾರ.

1. ತಕ್ಕಡಿ ಸರಿ ಇದೆಯೇ ಎಂದು ಮೊದಲು ನೋಡಿ. ಈಗಿನ 10 ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗಬೇಕು.

2. ಹಳೆಯ ನಾಣ್ಯವನ್ನು ಒಣಗಿದಂತೆಯೇ ತೂಗಿ ಬರೆದುಕೊಳ್ಳಿ.

3. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ.

4. ನಾಣ್ಯವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ ತಾಗಬಾರದು, ಬದಿ ತಾಗಬಾರದು. ನಾಣ್ಯಕ್ಕೆ ಗುಳ್ಳೆ ಅಂಟಿದ್ದರೆ ದಾರ ಅಲುಗಿಸಿ ಬಿಡಿಸಿ. ಫ್ಯಾನ್ ನಿಲ್ಲಿಸಿ, ಅಂಕಿ ಕೂರುವ ತನಕ ಕಾಯಿರಿ.

5. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ.

ಪೂರ್ಣ ಬೆಳ್ಳಿಯ ರೂಪಾಯಿ ನೀರಲ್ಲಿ 1.13ರ ಆಸುಪಾಸು ತೋರಿಸುತ್ತದೆ, ಭಾಗಿಸಿದರೆ 10.3. ಹಾಲಿಗೆ ಸುಮಾರು 10.2. ಯುದ್ಧಕಾಲದ ರೂಪಾಯಿ 1.22 ತೋರಿಸುತ್ತದೆ, ಭಾಗಿಸಿದರೆ 9.5. ಜರ್ಮನ್ ಸಿಲ್ವರ್ ಅಥವಾ ಹಿತ್ತಾಳೆಯ ನಕಲಿಯಾದರೆ 8.4ರಿಂದ 8.8ರೊಳಗೆ ನಿಲ್ಲುತ್ತದೆ. ಅಸಲಿ ಗಿನ್ನಿ ನೀರಲ್ಲಿ ಬರೀ 0.45 ತೋರಿಸುತ್ತದೆ, ಭಾಗಿಸಿದರೆ 17.6ರ ಹತ್ತಿರ. ಗಿನ್ನಿಯಷ್ಟೇ ತೂಗುವ ಹಿತ್ತಾಳೆ ತುಂಡು 0.9 ದಾಟಿಬಿಡುತ್ತದೆ. ವ್ಯತ್ಯಾಸ ಇಷ್ಟು ದೊಡ್ಡದಿರುವುದರಿಂದ ಅಂಕಿ ಸ್ವಲ್ಪ ಅತ್ತಿತ್ತ ಆದರೂ ಚಿಂತೆಯಿಲ್ಲ.

ಸವೆದ ನಾಣ್ಯ 11.66ರ ಬದಲು 11.3 ತೂಗಬಹುದು. ಗಾಬರಿ ಬೇಡ, ಭಾಗಿಸಿ ಬಂದ ಅಂಕಿ ಬದಲಾಗುವುದಿಲ್ಲ. ಕೊಂಡಿ ಬೆಸೆದಿದ್ದರೆ ಅಂಕಿ ತುಸು ಇಳಿಯುತ್ತದೆ. ಅರಗು ತುಂಬಿದ ಗುಂಡಿನ ಸರ, ಬೋರಮಾಳ, ಟೊಳ್ಳು ಪಾಟ್ಲಿ, ಹರಳಿನ ಒಡವೆ ಇವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ನೀರು ಒಳಹೊಕ್ಕರೆ ಅರಗು ಸಡಿಲವಾಗಿ ಒಡವೆಯೇ ಕೆಡುತ್ತದೆ.

ಸಿಂಹದ ಗುರುತಿನ ಸರಪಳಿಗಳು

ದೇಸಾಯಿ, ದೇಶಪಾಂಡೆ, ಗೌಡರ ಹಳೆಯ ಮನೆಗಳಲ್ಲಿ ವಿಲಾಯಿತಿಯಿಂದಲೇ ಬಂದ ಸಾಮಾನು ಒಂದೆರಡು ಉಳಿದಿರುತ್ತವೆ: ಕಿಸೆ ಗಡಿಯಾರದ ಸರಪಳಿ, ಕೋಟಿನ ಗುಂಡಿ, ಸೀರೆಗೆ ಚುಚ್ಚುವ ಬ್ರೂಚ್. ಇವುಗಳ ಮೇಲೆ ಸಣ್ಣ ಮುದ್ರೆಗಳ ಸಾಲು ಹುಡುಕಿ. ನಡೆಯುತ್ತಿರುವ ಸಿಂಹ ಇದ್ದರೆ ನೂರಕ್ಕೆ 92.5 ಬೆಳ್ಳಿ, ಇಂಗ್ಲೆಂಡಿನಲ್ಲಿ 1544ರಿಂದ ನಡೆದುಬಂದ ಗುರುತು ಅದು. ಚಿರತೆಯ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಂ. ಪಕ್ಕದ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ಒಳ್ಳೆಯ ಗಡಿಯಾರದ ಸರಪಳಿಯಲ್ಲಿ ಒಂದೊಂದು ಕೊಂಡಿಗೂ ಮುದ್ರೆ ಹಾಕಿರುತ್ತಾರೆ.

ಬಂಗಾರದ ಸಾಮಾನಿನ ಮೇಲೆ ‘9’ ಮತ್ತು ‘.375’ ಎಂದಿದ್ದರೆ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಬಂಗಾರ ಅಷ್ಟೇ. ‘15’ ಮತ್ತು ‘.625’ ಎಂದಿದ್ದರೆ ಅದು 1854ರಿಂದ 1932ರೊಳಗಿನದು ಎಂದು ನೇರವಾಗಿ ಹೇಳಬಹುದು, ಆಮೇಲೆ ಆ ದರ್ಜೆಯನ್ನೇ ತೆಗೆದುಹಾಕಿದರು. ನಮ್ಮ 22 ಕ್ಯಾರೆಟಿಗೆ ಒಗ್ಗಿದ ಕಣ್ಣಿಗೆ ಇವು ಪೇಲವವಾಗಿ ಕಂಡು ರೋಲ್ಡ್ ಗೋಲ್ಡ್ ಎಂದು ಎಸೆಯುವುದುಂಟು. ಹಾಗೆ ಮಾಡಬೇಡಿ. ತದ್ವಿರುದ್ಧ ತಪ್ಪೂ ಆಗುತ್ತದೆ: ‘ಇಪಿಎನ್ಎಸ್’ ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ಬೆಳ್ಳಿಯ ಲೇಪ ಕೊಟ್ಟ ನಿಕ್ಕಲ್ ಮಿಶ್ರಲೋಹ, ಎಷ್ಟೇ ಹೊಳೆದರೂ ಬೆಳ್ಳಿಯಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಾಕಿ ಉಜ್ಜುವುದು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶ ಅದರ ಮೇಲ್ಮೈಗೆ ಕೂಡಿಕೊಳ್ಳುವುದರಿಂದ. ಉಜ್ಜಿದಾಗ ಹೋಗುವುದು ಕಪ್ಪು ಮಾತ್ರವಲ್ಲ, ಅದರಡಿಯ ಬೆಳ್ಳಿಯ ಪದರವೂ. ರಾಣಿಯ ಕೂದಲಿನ ಎಳೆ, ಆನೆಯ ಗುರುತು, ಇಸವಿಯ ಕೊನೆಯ ಅಂಕಿ ಮೊದಲು ಅಳಿಯುತ್ತವೆ. ಸಂಗ್ರಾಹಕರು ಬೆಲೆ ಕಟ್ಟುವುದೇ ಆ ಎಳೆಗಳಿಗೆ. ನಾಣ್ಯವಾಗಿ ಮಾರುವ ಯೋಚನೆ ಇದ್ದರೆ ಏನನ್ನೂ ಮಾಡದೆ ಹಾಗೇ ಬಿಡಿ. ಧರಿಸುವ ಸರವಾದರೆ ಅಂಟುವಾಳದ ನೀರಲ್ಲಿ ಕೆಲವು ನಿಮಿಷ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಸವರಿ, ಚೆನ್ನಾಗಿ ಒರೆಸಿ ನೆರಳಲ್ಲಿ ಒಣಗಿಸಿ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಕಪ್ಪನ್ನು ತೆಗೆಯುತ್ತದೆ ನಿಜ. ಆದರೆ ಕೆತ್ತನೆಯ ಸಂದಿಯಲ್ಲಿ ಬೇಕೆಂದೇ ಉಳಿಸಿದ ಕಪ್ಪನ್ನೂ ತೆಗೆದು ಒಡವೆಯನ್ನು ಬಿಳಿಚಿಸುತ್ತದೆ. ಮುತ್ತು, ಹವಳ, ಅರಗು, ದಾರ ಇರುವ ಒಡವೆಗೆ ಅದನ್ನು ಮಾಡಲೇಬಾರದು.

ಬಿಡಿ ನಾಣ್ಯಕ್ಕೆ ಹೊಸದಾಗಿ ಕೊಂಡಿ ಬೆಸೆಸುವುದು. ಬೆಸುಗೆಯ ಕಾವು ತಾಗಿದ ನಾಣ್ಯಕ್ಕೆ, ತೂತು ಹೊಡೆದ ನಾಣ್ಯಕ್ಕೆ ಲೋಹದ ಬೆಲೆಯೇ ಗತಿ. ಪದಕ ಮಾಡಿಸುವ ಆಸೆ ಇದ್ದರೆ ಸುತ್ತ ಚೌಕಟ್ಟು ಕಟ್ಟಿ ಹಲ್ಲುಗಳಿಂದ ಹಿಡಿಸುವಂತೆ ಪತ್ತಾರರಿಗೆ ಹೇಳಿ. ಹಳೆಯ ಕೊಂಡಿ ಆಗಲೇ ಇದ್ದರೆ ಕೀಳಿಸಬೇಡಿ. ಕಿತ್ತರೂ ಗುರುತು ಹೋಗುವುದಿಲ್ಲ, ಒಡವೆಯೂ ಒಡೆಯುತ್ತದೆ.

ಲಂಬಾಣಿ ಉಡುಪು-ಒಡವೆಗಳನ್ನು ಕಿಲೋ ಲೆಕ್ಕದಲ್ಲಿ ಕೊಡುವುದು. ಊರೂರು ತಿರುಗಿ ‘ಹಳೇ ಬೆಳ್ಳಿ ತಗೋತೀವಿ’ ಎನ್ನುವವರು ಹಾಂಸ್ಲಿ, ಘೂಗ್ರಿ, ಕಾಂಚಳಿ ಎಂಬ ರವಿಕೆಯ ಬಿಲ್ಲೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ. ಆ ಒಡವೆಗಳಲ್ಲಿ ಅಪ್ಪಟ ಬೆಳ್ಳಿಯೂ ಇರುತ್ತದೆ, ಜರ್ಮನ್ ಸಿಲ್ವರ್, ಅಲ್ಯೂಮಿನಿಯಂ, ಸ್ವಾತಂತ್ರ್ಯಾನಂತರದ ನಿಕ್ಕಲ್ ನಾಣ್ಯವೂ ಇರುತ್ತವೆ. ಮನೆಯಲ್ಲೇ ಬೇರೆ ಮಾಡಿ. ಇಡಿಯಾಗಿ ಉಳಿದ ಕಸೂತಿಯ ಕಾಂಚಳಿ, ಫೇಟಿಯಾ ಲಂಗಗಳಿಗೆ ಲೋಹಕ್ಕಿಂತ ಕೈಕೆಲಸದ ಬೆಲೆಯೇ ಹೆಚ್ಚು. ಬಿಲ್ಲೆ ಕಿತ್ತು ಬಟ್ಟೆ ಎಸೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ರಬ್ಬರ್ ಬ್ಯಾಂಡ್ ಸುತ್ತಿ, ಉಣ್ಣೆ ಬಟ್ಟೆಯಲ್ಲೋ ಪತ್ರಿಕೆಯ ಹಾಳೆಯಲ್ಲೋ ಕಟ್ಟಿಡುವುದು. ರಬ್ಬರು, ಉಣ್ಣೆ ಎರಡರಲ್ಲೂ ಗಂಧಕವಿದೆ. ತೊಳೆದೊಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಯ ಜೊತೆ ಇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ನಡುವಿನ ಗಂಗಾವತಿ ಕಡೆ ತೇವ ಜಾಸ್ತಿ. ಯಲಬುರ್ಗಾದ ಎರೆಭೂಮಿಯಲ್ಲಿ ವರ್ಷ ತಡೆಯುವ ಒಡವೆ ಅಲ್ಲಿ ಮಳೆಗಾಲದಲ್ಲೇ ಕಪ್ಪಾಗಬಹುದು.

ಆಮಿಷಗಳಿಂದ ದೂರ

ರಾಮ, ಸೀತೆ, ಹನುಮಂತನ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂದು ಬರೆದ ತಾಮ್ರದ ನಾಣ್ಯ ಲಕ್ಷಾಂತರ ಬೆಲೆ ಬಾಳುತ್ತದೆ, ಅಕ್ಕಿಕಾಳನ್ನು ಎಳೆಯುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಮದ್ರಾಸಿನಲ್ಲಿ ಕಂಪನಿ ದೇವರ ಚಿತ್ರವಿದ್ದ ಚಿನ್ನದ ವರಹಗಳನ್ನು ಹೊಡೆಸಿದ್ದು ನಿಜ. ಆದರೆ ಈ ತಾಮ್ರದ ಬಿಲ್ಲೆಗಳು ಯಾವ ಟಂಕಸಾಲೆಯವೂ ಅಲ್ಲ, ಮಾರಾಟಕ್ಕೆಂದೇ ಈಚೆಗೆ ಮಾಡಿದವು. ಅಕ್ಕಿ ಎಳೆಯುವ ಲೋಹ ಎಂಬುದು ಶುದ್ಧ ವಂಚನೆ. ಅದರ ಹಿಂದೆ ಹೋಗಿ ಹೊಲ ಮಾರಿಕೊಂಡವರಿದ್ದಾರೆ.

‘ನಿಮ್ಮ ನಾಣ್ಯಕ್ಕೆ 20 ಲಕ್ಷ, ಮೊದಲು ತೆರಿಗೆ ಕಟ್ಟಿ’ ಎಂದು ಫೋನ್ ಬಂದರೆ ಅದೂ ಮೋಸವೇ. ತನ್ನ ಹೆಸರಲ್ಲಿ ಹಳೆಯ ನಾಣ್ಯ-ನೋಟುಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ದುಡ್ಡು ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಮುತ್ತಜ್ಜಿಯ ಸರ ಕಳುಹಿಸುವ ಮೊದಲು ಇದು ಗಮನದಲ್ಲಿರಲಿ. ಎರಡನೆಯದು, ಮನೆ ಪಾಯ ತೋಡುವಾಗಲೋ ಆನೆಗೊಂದಿ ಕಡೆಯ ಹೊಲ ಉಳುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ. ಅದರ ವಿಷಯ ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ.

ಮಾರಲೇಬೇಕಾದಾಗ

1. ಸರ ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಎಷ್ಟು ನಾಣ್ಯ, ಯಾವ ರಾಜ, ಯಾವ ಇಸವಿ, ಒಂದೊಂದರ ತೂಕ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಾಲಾಗುವಾಗಲೂ ಈ ಪಟ್ಟಿಯೇ ಜಗಳ ತಪ್ಪಿಸುತ್ತದೆ. ಒಬ್ಬರಿಗೆ 10 ಕಲದಾರ್, ಇನ್ನೊಬ್ಬರಿಗೆ 10 ಯುದ್ಧಕಾಲದ್ದು ಕೊಟ್ಟರೆ ಅದು ಸಮಪಾಲಲ್ಲ.

2. ನಾಲ್ಕು ಗುಂಪು ಮಾಡಿ: 1939ರವರೆಗಿನ ಬ್ರಿಟಿಷ್ ರೂಪಾಯಿ, 1940–45ರದು, ಹಾಲಿ, ಉಳಿದದ್ದು. ಅಳಿಯದೆ ಚೊಕ್ಕವಾಗಿ ಉಳಿದವನ್ನೂ, 1911, 1939ರಂಥವನ್ನೂ ಪಕ್ಕಕ್ಕಿಡಿ. ಅವು ಸರಾಫರಿಗಲ್ಲ, ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ, ಪರವಾನಗಿ ಇರುವ ಹರಾಜು ಸಂಸ್ಥೆಗಳಲ್ಲಿ ತೋರಿಸಬೇಕಾದವು.

3. ಹಾಲ್‌ಮಾರ್ಕ್ ಇಲ್ಲದ ಹಳೆಯ ಬಂಗಾರವನ್ನು ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಸಣ್ಣ ಶುಲ್ಕ ಕೊಟ್ಟು ತೋರಿಸಿದರೆ ಶುದ್ಧತೆಯ ವರದಿ ಕೊಡುತ್ತಾರೆ. ಮನೆಯ ಹಳೆಯ ಒಡವೆ ಮಾರಲು ಹಾಲ್‌ಮಾರ್ಕ್ ಕಡ್ಡಾಯವಲ್ಲ. ಆ ನಿಯಮ ಅಂಗಡಿಯವರು ಮಾರುವ ಒಡವೆಗೆ. ‘ಹಾಲ್‌ಮಾರ್ಕ್ ಇಲ್ಲ, ಅದಕ್ಕೇ ಅರ್ಧ ರೇಟು’ ಎಂದರೆ ಈ ಮಾತನ್ನೇ ಹೇಳಿ.

4. ಅಂಗಡಿಯಲ್ಲಿ ಗುಂಪು ಗುಂಪಾಗಿಯೇ ತೂಗಿಸಿ. ತೂಕ, ಹಿಡಿದ ಶುದ್ಧತೆ, ಆ ದಿನದ ದರ, ಬೆಸುಗೆಗೆ ಕಳೆದದ್ದು, ಕರಗಿಸುವಾಗಿನ ಸವಕಳಿ ಇಷ್ಟನ್ನೂ ಚೀಟಿಯಲ್ಲಿ ಬೇರೆ ಬೇರೆ ಬರೆಸಿ. ಬೆಸುಗೆಗೂ ಸವಕಳಿಗೂ ಸ್ವಲ್ಪ ಕಳೆಯುವುದು ನ್ಯಾಯವೇ. ಆದರೆ ಕೊಂಡಿಯೇ ಇಲ್ಲದ ಬಿಡಿ ರೂಪಾಯಿಗೆ ಬೆಸುಗೆ ಕಳೆಯುವುದಕ್ಕೆ ಕಾರಣವಿಲ್ಲ.

5. ಒಂದು ವಿಕ್ಟೋರಿಯಾ ರೂಪಾಯಿಯನ್ನು ನಿಮ್ಮೆದುರೇ ಯಂತ್ರದಲ್ಲಿ ಪರೀಕ್ಷೆ ಮಾಡಲು ಹೇಳಿ. 90ರ ಮೇಲೆ, 92ರ ಆಸುಪಾಸು ಬರಬೇಕು. ಬಹಳ ಕಡಿಮೆ ಬಂದರೆ ಮೇಲ್ಮೈಯ ಕೊಳೆಯ ಕಾರಣವೂ ಇರಬಹುದು, ಇನ್ನೊಂದು ನಾಣ್ಯ ಕೊಟ್ಟು ನೋಡಿ.

6. ಕನಿಷ್ಠ ಎರಡು ಅಂಗಡಿಗಳ ಚೀಟಿ ಕೈಯಲ್ಲಿ ಹಿಡಿದು ಮನೆಗೆ ಬನ್ನಿ, ಅದೇ ದಿನ ಕೊಡಬೇಡಿ. ಚೀಟಿ ಬರೆದುಕೊಡಲು ಒಪ್ಪದ ಅಂಗಡಿಯಿಂದ ನಾಣ್ಯಗಳನ್ನು ಎಣಿಸಿ ವಾಪಸು ತೆಗೆದುಕೊಳ್ಳಿ.